ಸೋರುವ ಎಂಜಿನ್: ಒಂದು ಎಣ್ಣೆ ಕಲೆಯ ಇತಿಹಾಸ

ಹಳೆಯ ಬುಲೆಟ್ ಮೋಟಾರ್‌ಸೈಕಲ್ ನಿಲ್ಲುವ ಜಾಗವನ್ನು ಗುರುತಿಸುವುದು ಸುಲಭ. ನೆಲದ ಮೇಲೆ ಅಂಗೈಯಗಲದ ಎಣ್ಣೆ ಕಲೆ ಇರುತ್ತದೆ. 'ಎಣ್ಣೆ ಸೋರುತ್ತಿಲ್ಲವೆಂದರೆ ಒಳಗೆ ಎಣ್ಣೆಯೇ ಇಲ್ಲ' ಎಂಬ ತಮಾಷೆಯ ಮಾತು ಗ್ಯಾರೇಜುಗಳಲ್ಲಿ ಇಂದಿಗೂ ಕೇಳಿಬರುತ್ತದೆ. ಆದರೆ ಇದು ಬರೀ ತಮಾಷೆಯ ವಿಷಯವಲ್ಲ. ಎಣ್ಣೆ ತೀರಿದ ಎಂಜಿನ್ ಸೀಜ್ ಆಗುತ್ತದೆ. ಹಿಂದಿನ ಟೈರಿಗೆ ಎಣ್ಣೆ ತಗುಲಿದರೆ ಸವಾರ ಜಾರಿ ಬೀಳುತ್ತಾನೆ. ಸೋರುವುದು ಇಂಥ ಎಂಜಿನ್ನುಗಳ ಹಣೆಬರಹವೇ? ಅಥವಾ ಅದಕ್ಕೆ ನಾವು ಅಳೆದು ತಿಳಿಯಬಹುದಾದ ಕಾರಣಗಳಿವೆಯೇ?

ಸೋರಿಕೆಯೇ ಪದ್ಧತಿಯಾಗಿದ್ದ ಕಾಲ

20ನೆಯ ಶತಮಾನದ ಆರಂಭದ ಮೋಟಾರ್‌ಸೈಕಲ್ಲುಗಳಲ್ಲಿ ಕೀಲೆಣ್ಣೆ ತೊಟ್ಟಿಗೆ ಮರಳುತ್ತಿರಲಿಲ್ಲ. ಸವಾರನು ಆಗಾಗ ಕೈಪಂಪನ್ನು ಒತ್ತಿ ಎಂಜಿನ್ನಿಗೆ ಎಣ್ಣೆ ಕೊಡುತ್ತಿದ್ದ. ಅದರಲ್ಲಿ ಒಂದಿಷ್ಟು ಉರಿದು ಹೊಗೆಯಾಗುತ್ತಿತ್ತು, ಉಳಿದದ್ದು ಸಂದುಗಳಿಂದ ಹೊರಬಿದ್ದು ರಸ್ತೆಯ ಪಾಲಾಗುತ್ತಿತ್ತು.

1920ರ ದಶಕದ ಕೊನೆಯ ವೇಳೆಗೆ ಬ್ರಿಟನ್ನಿನಲ್ಲಿ ಪರಿಚಲನೆ ಪದ್ಧತಿ ವ್ಯಾಪಕವಾಯಿತು. ಒಂದು ಪಂಪು ಎಣ್ಣೆಯನ್ನು ಒಳಗೆ ಕಳಿಸಿದರೆ ಇನ್ನೊಂದು ಅದನ್ನು ತೊಟ್ಟಿಗೆ ಹಿಂದಿರುಗಿಸುತ್ತದೆ. ಇನ್ನು ಮುಂದೆ ಅದೇ ಎಣ್ಣೆ ಒಳಗೇ ಉಳಿಯಬೇಕು. ಆದರೆ ಎಂಜಿನ್ನಿನ ಹೊರಕವಚದ ರಚನೆ ಮಾತ್ರ ಹಳೆಯದೇ ಆಗಿತ್ತು. ಕ್ರ್ಯಾಂಕ್ ದಂಡವನ್ನು ನಡುವೆ ಇಟ್ಟು, ಎಡ-ಬಲದ ಎರಡು ಅಲ್ಯೂಮಿನಿಯಂ ಎರಕದ ಹೋಳುಗಳನ್ನು ಬೋಲ್ಟುಗಳಿಂದ ಬಿಗಿಯುತ್ತಿದ್ದರು. ಹೀಗಾದಾಗ ಬೆಸುಗೆಯ ಗೆರೆ ಮೇಲಿನಿಂದ ಕೆಳಗೆ ಸಾಗಿ, ಎಣ್ಣೆ ನಿಲ್ಲುವ ತಳದ ಮೂಲಕವೇ ಹಾದುಹೋಗುತ್ತದೆ.

ಇಂಗ್ಲೆಂಡಿನ ರೆಡಿಚ್‌ನಲ್ಲಿ ರೂಪುಗೊಂಡ ಬುಲೆಟ್ ಈ ಪರಂಪರೆಯದು. 1955ರಲ್ಲಿ ಮದರಾಸಿನಲ್ಲಿ ಎನ್‌ಫೀಲ್ಡ್ ಇಂಡಿಯಾ ಆರಂಭವಾಯಿತು. ರೆಡಿಚ್ ಕಾರ್ಖಾನೆ 1967ರಲ್ಲಿ ಮುಚ್ಚಿದರೂ, ಎರಕದ ಕಬ್ಬಿಣದ ಸಿಲಿಂಡರಿನ ಆ ಎಂಜಿನ್ ಸಣ್ಣಪುಟ್ಟ ಬದಲಾವಣೆಗಳೊಂದಿಗೆ ನಮ್ಮಲ್ಲಿ 21ನೆಯ ಶತಮಾನದವರೆಗೂ ತಯಾರಾಗುತ್ತಿತ್ತು. ಹೀಗಾಗಿ 1940ರ ದಶಕದ ತಂತ್ರಜ್ಞಾನವನ್ನು ನಾವು ರಸ್ತೆಯಲ್ಲೇ ನೋಡಬಹುದು.

ಪಿಸ್ಟನ್ನಿನ ಕೆಳಗಿನ ಗಾಳಿ

ಪಿಸ್ಟನ್ನಿನ ಮೇಲೆ ನಡೆಯುವ ದಹನದ ಬಗ್ಗೆ ಪಠ್ಯಪುಸ್ತಕಗಳು ವಿವರಿಸುತ್ತವೆ. ಅದರ ಕೆಳಗೆ ಏನಾಗುತ್ತದೆ ಎಂದು ಯಾರೂ ಕೇಳುವುದಿಲ್ಲ. ಬುಲೆಟ್ 350ರ ಸಿಲಿಂಡರಿನ ವ್ಯಾಸ 70 ಮಿ.ಮೀ., ಪಿಸ್ಟನ್ ಚಲಿಸುವ ದೂರ 90 ಮಿ.ಮೀ.; ಅಂದರೆ ಗಾತ್ರ 346 ಘನ ಸೆಂ.ಮೀ. ಪಿಸ್ಟನ್ ಕೆಳಗಿಳಿದಾಗಲೆಲ್ಲ ಕ್ರ್ಯಾಂಕ್‌ಕೇಸಿನ ಒಳಗಿನ ಜಾಗ ಅಷ್ಟೇ ಕುಗ್ಗುತ್ತದೆ. ನಿಮಿಷಕ್ಕೆ 3000 ಸುತ್ತಿನ ವೇಗದಲ್ಲಿ ಇದು ಸೆಕೆಂಡಿಗೆ 50 ಬಾರಿ ನಡೆಯುತ್ತದೆ.

ಉದಾಹರಣೆಗೆ, ಪಿಸ್ಟನ್ ಕೆಳಗಿದ್ದಾಗ ಒಳಗೆ 2 ಲೀಟರ್ ಖಾಲಿ ಜಾಗವಿದೆ ಎಂದುಕೊಳ್ಳಿ. ಎಲ್ಲ ದಾರಿಗಳೂ ಮುಚ್ಚಿದ್ದರೆ, ಬಾಯ್ಲ್ ನಿಯಮದಂತೆ ಒತ್ತಡವು ಪ್ರತಿ ಇಳಿತದಲ್ಲೂ ಸುಮಾರು 17 ಶೇಕಡಾ ಏರಬೇಕು. ಇದಕ್ಕೆ ಪಿಸ್ಟನ್ ಉಂಗುರಗಳನ್ನು ದಾಟಿ ಬರುವ ದಹನದ ಅನಿಲವೂ ಸೇರುತ್ತದೆ. ಈ ಒತ್ತಡಕ್ಕೆ ಹೊರದಾರಿ ಬೇಕು. ಅದಕ್ಕಾಗಿಯೇ ಬ್ರೀದರ್ ನಳಿಕೆ. ಬುಲೆಟ್ಟಿನಲ್ಲಿ ಅದರ ತುದಿಗೆ ಬಾತುಕೋಳಿಯ ಕೊಕ್ಕಿನಂಥ ರಬ್ಬರ್ ಕವಾಟವಿತ್ತು. ಗಾಳಿ ಹೊರಗೆ ಹೋಗಬಹುದು, ಒಳಗೆ ಬರಲಾಗದು. ಕವಾಟ ಸರಿಯಾಗಿದ್ದರೆ ಒಳಗಿನ ಸರಾಸರಿ ಒತ್ತಡ ವಾಯುಮಂಡಲದ ಒತ್ತಡಕ್ಕಿಂತ ಕಡಿಮೆಯಾಗುತ್ತದೆ. ಆಗ ಸಣ್ಣ ಸಂದಿನಲ್ಲಿ ಎಣ್ಣೆ ಹೊರಬರುವ ಬದಲು ಗಾಳಿಯೇ ಒಳಗೆ ಹೋಗಲು ನೋಡುತ್ತದೆ. ರಬ್ಬರು ಗಡುಸಾಗಿ ಅಂಟಿಕೊಂಡರೆ ಇಡೀ ಲೆಕ್ಕ ತಲೆಕೆಳಗು.

ಇದೇ ಕಾಲದಲ್ಲಿ, 1960ರ ದಶಕದ ಆರಂಭದಿಂದ 1996ರವರೆಗೆ, ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಎರಡು ಹೊಡೆತದ ಎಂಜಿನ್ನುಗಳನ್ನು ತಯಾರಿಸಿತು. ಅವುಗಳಲ್ಲಿ ಪಿಸ್ಟನ್ನಿನ ಕೆಳಗಿನ ಒತ್ತಡವೇ ಪೆಟ್ರೋಲ್-ಗಾಳಿಯ ಮಿಶ್ರಣವನ್ನು ಸಿಲಿಂಡರಿಗೆ ತಳ್ಳುತ್ತದೆ. ಎಣ್ಣೆಯೂ ಪೆಟ್ರೋಲಿನಲ್ಲೇ ಬೆರೆತು ಉರಿದುಹೋಗುತ್ತದೆ. ಒಂದರಲ್ಲಿ ಉಪದ್ರವವಾದ ಒತ್ತಡ ಇನ್ನೊಂದರಲ್ಲಿ ಉಪಕಾರಿ.

ಸಂದಿನ ಲೆಕ್ಕ

ಎರಡು ಸಮತಲಗಳ ನಡುವಿನ ಕಿರಿದಾದ ಸಂದಿನಲ್ಲಿ ಹರಿಯುವ ದ್ರವದ ಪ್ರಮಾಣವು ಒತ್ತಡದ ವ್ಯತ್ಯಾಸಕ್ಕೆ ಅನುಲೋಮವಾಗಿಯೂ, ಸ್ನಿಗ್ಧತೆಗೆ ವಿಲೋಮವಾಗಿಯೂ, ಸಂದಿನ ಅಗಲದ ಘನಕ್ಕೆ ಅನುಲೋಮವಾಗಿಯೂ ಇರುತ್ತದೆ. ಒತ್ತಡ ಇಮ್ಮಡಿಯಾದರೆ ಸೋರಿಕೆ ಇಮ್ಮಡಿ. ಆದರೆ ಸಂದು 0.02 ಮಿ.ಮೀ.ನಿಂದ 0.04 ಮಿ.ಮೀ.ಗೆ ಏರಿದರೆ ಸೋರಿಕೆ ಎಂಟು ಪಟ್ಟು! ಇನ್ನು ಉಷ್ಣತೆ 40ರಿಂದ 100 ಡಿಗ್ರಿ ಸೆಲ್ಸಿಯಸ್‌ಗೆ ಏರಿದಾಗ ಎಂಜಿನ್ ಎಣ್ಣೆಯ ಸ್ನಿಗ್ಧತೆ ಸುಮಾರು ಎಂಟು-ಹತ್ತು ಪಟ್ಟು ಇಳಿಯುತ್ತದೆ. ನಿಂತಾಗ ಒಣಗಿದ್ದ ಎಂಜಿನ್ ದೂರದ ಪ್ರಯಾಣದ ನಂತರ ಜಿನುಗುವುದು ಇದರಿಂದಲೇ.

ಉಷ್ಣ ವ್ಯಾಕೋಚನವೂ ತನ್ನ ಪಾಲು ಸೇರಿಸುತ್ತದೆ. ಅಲ್ಯೂಮಿನಿಯಂ ಎರಕದ ಕಬ್ಬಿಣಕ್ಕಿಂತ ಸುಮಾರು ಇಮ್ಮಡಿ ಹಿಗ್ಗುತ್ತದೆ. 80 ಡಿಗ್ರಿ ಬಿಸಿಯಾದಾಗ 100 ಮಿ.ಮೀ. ಉದ್ದದಲ್ಲಿ ಇವೆರಡರ ಹಿಗ್ಗುವಿಕೆಯ ವ್ಯತ್ಯಾಸ ಸುಮಾರು 0.1 ಮಿ.ಮೀ., ಅಂದರೆ ಒಂದು ಕಾಗದದ ಹಾಳೆಯಷ್ಟು ದಪ್ಪ. ಸಿಲಿಂಡರು ಮತ್ತು ಕ್ರ್ಯಾಂಕ್‌ಕೇಸಿನ ನಡುವಿನ ಕಾಗದದ ಪ್ಯಾಕಿಂಗ್ ಪ್ರತಿ ಪ್ರಯಾಣದಲ್ಲೂ ಇಷ್ಟು ಉಜ್ಜಾಟ ಸಹಿಸಬೇಕು.

ಹೊಂಡಾ ಕೊಟ್ಟ ಉತ್ತರ

1937ರಲ್ಲಿ ಬಂದ ಟ್ರಯಂಫ್ ಸ್ಪೀಡ್ ಟ್ವಿನ್ ಬ್ರಿಟನ್ನಿನ ಎರಡು ಸಿಲಿಂಡರಿನ ಎಂಜಿನ್ನುಗಳಿಗೆ ಮಾದರಿಯಾಯಿತು. ಅದರಲ್ಲಿ ಎರಡೂ ಪಿಸ್ಟನ್ನುಗಳು ಒಟ್ಟಿಗೇ ಏರಿ ಒಟ್ಟಿಗೇ ಇಳಿಯುತ್ತವೆ. ಹಾಗಾಗಿ ಕೆಳಗಿನ ಗಾಳಿಯ ಏರಿಳಿತ ಹಾಗೆಯೇ ಉಳಿಯಿತು. ಕವಚದ ಲಂಬ ಬೆಸುಗೆಯೂ ಉಳಿಯಿತು.

1969ರಲ್ಲಿ ಮಾರುಕಟ್ಟೆಗೆ ಬಂದ ಹೊಂಡಾ ಸಿಬಿ750ರಲ್ಲಿ ನಾಲ್ಕು ಸಿಲಿಂಡರುಗಳು. ಎರಡು ಪಿಸ್ಟನ್ ಇಳಿಯುವಾಗ ಇನ್ನೆರಡು ಏರುತ್ತವೆ. ಒಳಗಿನ ಒಟ್ಟು ಗಾತ್ರ ಬಹುಮಟ್ಟಿಗೆ ಬದಲಾಗುವುದೇ ಇಲ್ಲ. ಕವಚವನ್ನು ಮೇಲು-ಕೆಳಗು ಹೋಳುಗಳಾಗಿ ಅಡ್ಡಲಾಗಿ ಸೀಳಿದ್ದರಿಂದ ಬೆಸುಗೆಯ ಗೆರೆ ತಳವನ್ನು ಬಿಟ್ಟು ಮೇಲಕ್ಕೆ ಸರಿಯಿತು. ಎಣ್ಣೆಯ ತೊಟ್ಟಿ ಬ್ರಿಟಿಷ್ ಯಂತ್ರಗಳಂತೆ ಅದರಲ್ಲೂ ಬೇರೆಯಾಗಿಯೇ ಇತ್ತು. ಅಂದರೆ ದೋಷ ಪರಿಚಲನೆ ಪದ್ಧತಿಯದಾಗಿರಲಿಲ್ಲ.

ಬ್ರಿಟಿಷ್ ಉದ್ಯಮ ಕುಸಿದದ್ದು ಎಣ್ಣೆ ಸೋರಿದ್ದರಿಂದ ಎನ್ನುವುದು ಅತಿಶಯೋಕ್ತಿ. 1975ರಲ್ಲಿ ಬ್ರಿಟಿಷ್ ಸರ್ಕಾರಕ್ಕಾಗಿ ಬಾಸ್ಟನ್ ಕನ್ಸಲ್ಟಿಂಗ್ ಗ್ರೂಪ್ ಸಿದ್ಧಪಡಿಸಿದ ವರದಿ, ಬಂಡವಾಳ ಮತ್ತು ಉತ್ಪಾದನೆಯ ಪ್ರಮಾಣದಲ್ಲಿ ಜಪಾನ್ ಬಹಳ ಮುಂದಿರುವುದನ್ನು ತೋರಿಸಿತು. ನೂರನೇ ಒಂದು ಮಿ.ಮೀ. ನಿಖರತೆಗೆ ಹೊಸ ಯಂತ್ರೋಪಕರಣ ಬೇಕು, ಅದಕ್ಕೆ ಬಂಡವಾಳ ಬೇಕು. ನೆಲದ ಮೇಲಿನ ಕಲೆ ಆ ಕೊರತೆಯ ಗುರುತೂ ಆಗಿತ್ತು.

ಮೂಲವನ್ನು ಹುಡುಕುವ ಕ್ರಮ

ಹನಿ ಬೀಳುವ ಜಾಗ ಸೋರುವ ಜಾಗವಲ್ಲ. ಎಣ್ಣೆ ಗುರುತ್ವದಿಂದ ಕೆಳಕ್ಕೂ, ಓಡುವಾಗ ಗಾಳಿಯಿಂದ ಹಿಂದಕ್ಕೂ ಸರಿಯುತ್ತದೆ. ಆದ್ದರಿಂದ ಮೊದಲು ಎಂಜಿನ್ನನ್ನು ಚೆನ್ನಾಗಿ ತೊಳೆದು ಒಣಗಿಸಿ, ಸೀಮೆಸುಣ್ಣದ ಪುಡಿಯನ್ನೋ ಟಾಲ್ಕಂ ಪೌಡರನ್ನೋ ತೆಳುವಾಗಿ ಉದುರಿಸಬೇಕು. ಸ್ವಲ್ಪ ದೂರ ಓಡಿಸಿ ಬಂದು, ಒದ್ದೆಯಾದ ಭಾಗದಲ್ಲಿ ಅತಿ ಮೇಲಿನ, ಅತಿ ಮುಂದಿನ ಬಿಂದುವನ್ನು ಗುರುತಿಸಬೇಕು.

ಪ್ಯಾಕಿಂಗ್ ಬದಲಿಸುವ ಮುನ್ನ ಬ್ರೀದರನ್ನು ಪರೀಕ್ಷಿಸಬೇಕು. ನಳಿಕೆ ಮಡಚಿದೆಯೇ? ಕವಾಟ ಅಂಟಿದೆಯೇ? ಅದರಿಂದ ಹೊಗೆ ಒಂದೇ ಸಮನೆ ರಭಸವಾಗಿ ಬರುತ್ತಿದ್ದರೆ ಪಿಸ್ಟನ್ ಉಂಗುರ ಅಥವಾ ಬೋರು ಸವೆದಿರಬೇಕು. ವಾರಗಟ್ಟಲೆ ನಿಲ್ಲಿಸಿದ ಗಾಡಿಯಲ್ಲಿ ತೊಟ್ಟಿಯ ಎಣ್ಣೆ ಪಂಪಿನ ಮೂಲಕ ಕ್ರ್ಯಾಂಕ್‌ಕೇಸಿಗೆ ಇಳಿದು, ಚಾಲೂ ಮಾಡಿದೊಡನೆ ಬ್ರೀದರಿನಿಂದ ಹೊರಬರಬಹುದು. ಇದಕ್ಕೂ ಪ್ಯಾಕಿಂಗಿಗೂ ಸಂಬಂಧವಿಲ್ಲ.

ಇವೆಲ್ಲ ಸರಿಯಿದ್ದರೆ ಮಾತ್ರ ಕವಚವನ್ನು ಬಿಚ್ಚಬೇಕು. ದಪ್ಪ ಗಾಜಿನ ಮೇಲೆ ನಯವಾದ ಉಜ್ಜುಕಾಗದ ಹಾಸಿ ಮುಚ್ಚಳದ ಅಂಚನ್ನು ಹಗುರವಾಗಿ ಆಡಿಸಿದರೆ, ತಗ್ಗಿರುವ ಕಡೆ ಹೊಳಪು ಬರುವುದಿಲ್ಲ. ಸೋರಿಕೆ ಕಂಡೊಡನೆ ಸ್ಕ್ರೂಗಳನ್ನು ಇನ್ನಷ್ಟು ಬಿಗಿಯುವುದು ಸಾಮಾನ್ಯ ಅಭ್ಯಾಸ. ಅತಿ ಬಿಗಿದಾಗ ಮುಚ್ಚಳವು ಸ್ಕ್ರೂ ಇರುವಲ್ಲಿ ಕುಗ್ಗಿ ನಡುವೆ ಉಬ್ಬುತ್ತದೆ, ಸಂದು ಹೆಚ್ಚುತ್ತದೆ. ಘನದ ನಿಯಮ ನಮ್ಮ ವಿರುದ್ಧವೇ ಕೆಲಸ ಮಾಡುತ್ತದೆ. ಅಂಟುಲೇಪವನ್ನು ಧಾರಾಳವಾಗಿ ಬಳಿದರೆ ಅದು ಒಳಕ್ಕೆ ಉಬ್ಬಿ ಎಣ್ಣೆಯ ದಾರಿಯನ್ನೇ ಕಟ್ಟಬಹುದು.

ಬಾಯ್ಲ್ ನಿಯಮ, ಸ್ನಿಗ್ಧತೆ, ಉಷ್ಣ ವ್ಯಾಕೋಚನ ಇವು ಪರೀಕ್ಷೆಗಾಗಿ ಬೇರೆ ಬೇರೆ ಅಧ್ಯಾಯಗಳಲ್ಲಿ ಓದುವ ವಿಷಯಗಳು. ಹಳೆಯ ಎಂಜಿನ್ನೊಂದರಲ್ಲಿ ಅವು ಒಂದೇ ಜಾಗದಲ್ಲಿ ಸೇರುತ್ತವೆ. ಶಾಲೆಯ ಬಳಿ ಅಂಥ ಗಾಡಿಯೊಂದು ನಿಲ್ಲುತ್ತಿದ್ದರೆ, ಅಧ್ಯಾಪಕರು ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆದೊಯ್ದು 'ಈ ಎಣ್ಣೆ ಎಲ್ಲಿಂದ ಬಂತು?' ಎಂದು ಕೇಳಬಹುದು. ಉತ್ತರ ಹೇಳುವ ಮುನ್ನ ತೊಳೆದು, ಪುಡಿ ಉದುರಿಸಿ ನೋಡಲು ಬಿಡಲಿ.