ಸಾದಾ ಇ-ಮೇಲ್‌ನಲ್ಲಿ ಲಿಂಕ್: ಓದುವುದು ಹೇಗೆ, ಕಳಿಸುವುದು ಹೇಗೆ?

ಇಚಲಕರಂಜಿಯ ನೂಲಿನ ವ್ಯಾಪಾರಿಗೆ ಬಿಲ್ಲು, ಗಡಹಿಂಗ್ಲಜ ಭಾಗದ ಶಾಲೆಗೆ ಸುತ್ತೋಲೆ, ಕೊಲ್ಹಾಪುರದ ಸಹಕಾರಿ ಬ್ಯಾಂಕಿನ ಗ್ರಾಹಕರಿಗೆ ಕೆವೈಸಿ ಸೂಚನೆ, ಹೀಗೆ ಇಂದು ಅನೇಕ ವ್ಯವಹಾರಗಳು ಇ-ಮೇಲ್ ಮೂಲಕವೇ ನಡೆಯುತ್ತಿವೆ. ಜೊತೆಗೊಂದು ಲಿಂಕ್ ಇರುತ್ತದೆ. ಥೇಟ್ ಅದೇ ರೂಪದಲ್ಲಿ ಖೊಟ್ಟಿ ಮೇಲ್‌ಗಳೂ ಬರುತ್ತವೆ. ಒಂದು ಕ್ಲಿಕ್‌ನಿಂದ ಖಾತೆಯ ಹಣ ಹೋಗಬಹುದಾದ್ದರಿಂದ ಲಿಂಕ್ ಓದುವ ಕ್ರಮ ತಿಳಿದಿರಬೇಕು.

ಇ-ಮೇಲ್‌ನಲ್ಲಿ ಎರಡು ಬಗೆ. ಬಣ್ಣ, ಚಿತ್ರ, ಗುಂಡಿಗಳಿರುವುದು ಎಚ್‌ಟಿಎಂಎಲ್ ಮೇಲ್. ಇದರಲ್ಲಿ ಮೇಲೆ ಕಾಣುವ ಅಕ್ಷರ ಒಂದು, ಒಳಗಿರುವ ವಿಳಾಸ ಇನ್ನೊಂದು ಇರಬಹುದು. ಬರೀ ಅಕ್ಷರಗಳಿರುವುದು ಪ್ಲೇನ್ ಟೆಕ್ಸ್ಟ್, ಅಂದರೆ ಸಾದಾ ಮೇಲ್. ಇದರಲ್ಲಿ ಇರುವುದು ವಿಳಾಸ ಮಾತ್ರ. ಅದನ್ನು ಗುರುತಿಸಿ ಅಡಿಗೆರೆ ಹಾಕಿ ಕ್ಲಿಕ್ಕಿಸುವಂತೆ ಮಾಡುವುದು ನಮ್ಮದೇ ಮೇಲ್ ತಂತ್ರಾಂಶ. ಹೀಗಾಗಿ ಬಚ್ಚಿಡಲು ಜಾಗ ಕಡಿಮೆ. ಥಂಡರ್‌ಬರ್ಡ್ ಮತ್ತು ಕ್ಲಾಸಿಕ್ ಔಟ್‌ಲುಕ್‌ನಲ್ಲಿ ಎಲ್ಲ ಮೇಲ್‌ಗಳನ್ನೂ ಸಾದಾ ರೂಪದಲ್ಲೇ ತೋರಿಸುವ ಆಯ್ಕೆ ಇದೆ. ಅಂದ ಕೆಡುತ್ತದೆ ನಿಜ, ಬಿಲ್ಲು ನೋಡಲು ಅಂದ ಯಾಕೆ ಬೇಕು?

ಆದರೆ ಕಂಡ ವಿಳಾಸವನ್ನು ಓದಲು ಬರಬೇಕಲ್ಲ. ಎಚ್‌ಟಿಟಿಪಿಎಸ್ ನಂತರದ ಜೋಡಿ ಓರೆಗೆರೆಯಿಂದ ಮುಂದೆ ಸಿಗುವ ಒಂಟಿ ಓರೆಗೆರೆಯವರೆಗಿನ ಭಾಗದಲ್ಲಿ ಮಾತ್ರ ತಾಣದ ಹೆಸರಿರುತ್ತದೆ. ಅದನ್ನು ಬಲದಿಂದ ಎಡಕ್ಕೆ ಓದಬೇಕು. ಅಂಚೆ ವಿಳಾಸದಲ್ಲಿ ಮನೆ, ಓಣಿ, ಊರು, ಜಿಲ್ಲೆ ಎಂದು ಬರೆದಂತೆ ಇಲ್ಲಿಯೂ ಕೊನೆಯದೇ ದೊಡ್ಡದು. ಎಡಭಾಗದಲ್ಲಿ ಯಾರು ಬೇಕಾದರೂ ಯಾವ ಬ್ಯಾಂಕಿನ ಹೆಸರನ್ನಾದರೂ ಸೇರಿಸಬಹುದು. ಈ ಭಾಗದ ನಡುವೆ ಆ್ಯಟ್ ಚಿಹ್ನೆ ಬಂದರೆ ಅದರ ಎಡಗಡೆಯದು ಲೆಕ್ಕಕ್ಕಿಲ್ಲ, ಬ್ರೌಸರ್ ಹೋಗುವುದು ಬಲಗಡೆಯ ತಾಣಕ್ಕೆ. ಎಚ್‌ಟಿಟಿಪಿಎಸ್ ಇದ್ದ ಮಾತ್ರಕ್ಕೆ ತಾಣ ಪ್ರಾಮಾಣಿಕವೆಂದು ತಿಳಿಯಬೇಡಿ. ಮಾಹಿತಿ ದಾರಿಯಲ್ಲಿ ಸೋರದಂತೆ ಅದು ಕಾಯುತ್ತದೆ ಅಷ್ಟೇ. ಮೋಸಗಾರರಿಗೂ ಅದು ಸಿಗುತ್ತದೆ.

ಬ್ಯಾಂಕುಗಳ ಮಟ್ಟಿಗೆ ಈ ಓದು ಈಗ ಸುಲಭವಾಗಿದೆ. ಸಹಕಾರಿ ಬ್ಯಾಂಕುಗಳೂ ಸೇರಿದಂತೆ ಬ್ಯಾಂಕುಗಳೆಲ್ಲ 2025ರ ಅಕ್ಟೋಬರ್ 31ರೊಳಗೆ 'ಡಾಟ್ ಬ್ಯಾಂಕ್ ಡಾಟ್ ಇನ್' ಎಂದು ಮುಗಿಯುವ ವಿಳಾಸಕ್ಕೆ ಬದಲಾಗಬೇಕೆಂದು ರಿಸರ್ವ್ ಬ್ಯಾಂಕು ಅದೇ ವರ್ಷದ ಏಪ್ರಿಲ್‌ನಲ್ಲಿ ಸೂಚಿಸಿತು. ಈ ಹೆಸರನ್ನು ಹೈದರಾಬಾದಿನ ಐಡಿಆರ್‌ಬಿಟಿ ಸಂಸ್ಥೆ ಮಾತ್ರ ಕೊಡುತ್ತದೆ. ಗಮನಿಸಬೇಕಾದ್ದು ಚುಕ್ಕಿ. 'ಬ್ಯಾಂಕ್' ಪದದ ಎಡಕ್ಕೂ ಚುಕ್ಕಿ ಇರಲೇಬೇಕು. ಹಿಂದಿನ ಹೆಸರಿಗೆ ಅಂಟಿಕೊಂಡಿದ್ದರೆ ಅಥವಾ ನಡುವೆ ಅಡ್ಡಗೆರೆ ಇದ್ದರೆ ಅದು ಈ ವ್ಯವಸ್ಥೆಯದಲ್ಲ. 'ಇನ್' ಆದ ಮೇಲೆ ಮತ್ತೆ ಚುಕ್ಕಿ, 'ಕಾಮ್' ಎಂದಿದ್ದರೂ ಅಲ್ಲ. ನಮ್ಮ ಭಾಗದ ಪತಸಂಸ್ಥೆಗಳು ಬ್ಯಾಂಕುಗಳಲ್ಲವಾದ್ದರಿಂದ ಅವುಗಳಿಗೆ ಈ ವಿಳಾಸ ಇರುವುದಿಲ್ಲ. ಅವುಗಳ ಹೆಸರಿನಲ್ಲಿ ಮೇಲ್ ಬಂದರೆ ಕಚೇರಿಗೇ ಹೋಗಿ ಕೇಳುವುದು ಲೇಸು.

ಅಕ್ಷರಗಳೂ ಮೋಸ ಮಾಡುತ್ತವೆ. ಇಂಗ್ಲಿಷಿನ ಸಣ್ಣ ಆರ್, ಎನ್ ಒತ್ತಾಗಿ ಬಂದರೆ ಎಮ್‌ನಂತೆ ಕಾಣುತ್ತವೆ. ರಷ್ಯನ್ ಲಿಪಿಯ 'ಎ' ಇಂಗ್ಲಿಷಿನ 'ಎ'ಯಂತೆಯೇ ಇದೆ. ಕನ್ನಡದ ರ, ತೆಲುಗಿನ ರ ನೋಡಲು ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ.

ಇನ್ನು ಲಿಂಕ್ ಕಳಿಸುವವರ ವಿಷಯ. ಇದರಲ್ಲಿ ಕನ್ನಡದವರದೇ ಒಂದು ತೊಂದರೆ ಇದೆ. ಮರಾಠಿಯಲ್ಲಿ 'ವರ್', 'ಲಾ' ಅಂಟಿಸುವಂತೆ ನಾವು ವಿಳಾಸದ ಬೆನ್ನಿಗೇ 'ಗೆ', 'ನಲ್ಲಿ' ಪ್ರತ್ಯಯ ಹಚ್ಚುತ್ತೇವೆ. ಕೆಲವು ತಂತ್ರಾಂಶಗಳು ಆ 'ಗೆ'ಯನ್ನೂ ವಿಳಾಸದ ಭಾಗವೆಂದೇ ತಿಳಿಯುತ್ತವೆ, ಪುಟ ತೆರೆಯುವುದಿಲ್ಲ. ಒತ್ತಕ್ಷರ ಆಗದಿರಲೆಂದು ಟೈಪ್ ಮಾಡುವಾಗ ನಡುವೆ ಸೇರಿಸುವ, ಕಣ್ಣಿಗೆ ಕಾಣದ ಚಿಹ್ನೆ ಇನ್ನೂ ಉಪದ್ವ್ಯಾಪಿ. ಒಂದು ಸಭೆಯ ಆಮಂತ್ರಣದಲ್ಲಿ ಈ ತಪ್ಪು ಮಾಡಿ ನಾನು ಅರ್ಧ ದಿನ ಎಲ್ಲರಿಗೂ ಫೋನಿನಲ್ಲಿ ವಿಳಾಸ ಹೇಳುತ್ತ ಕುಳಿತಿದ್ದೆ. ವಿಳಾಸವನ್ನು ಪ್ರತ್ಯೇಕ ಸಾಲಿನಲ್ಲಿ, ಹಿಂದೆ ಮುಂದೆ ಯಾವ ವಿರಾಮಚಿಹ್ನೆಯೂ ಇಲ್ಲದೆ ಬರೆಯಬೇಕು. ಸಾಲಿನ ಮಧ್ಯದಲ್ಲೇ ಬೇಕೆಂದರೆ ಗಣಿತದಲ್ಲಿ ಬಳಸುವ 'ಕಡಿಮೆ', 'ಹೆಚ್ಚು' ಚಿಹ್ನೆಗಳ ನಡುವೆ ಇಡಬಹುದೆಂದು 2005ರ ಆರ್‌ಎಫ್‌ಸಿ 3986 ಎಂಬ ಅಂತರ್ಜಾಲ ಮಾನಕ ಸಲಹೆ ಮಾಡುತ್ತದೆ.

ಉದ್ದದ ಪ್ರಶ್ನೆಯೂ ಇದೆ. ಇ-ಮೇಲ್‌ನ ಒಂದು ಸಾಲು 78 ಅಕ್ಷರ ಮೀರಬಾರದೆಂಬ ಶಿಫಾರಸಿದೆ. ಕನ್ನಡ ಪದವಿರುವ ವಿಳಾಸ ನಕಲಿಸಿದಾಗ ಪ್ರತಿ ಅಕ್ಷರ, ಪ್ರತಿ ಕಾಗುಣಿತ ಚಿಹ್ನೆ ಸಾಮಾನ್ಯವಾಗಿ ಶೇಕಡಾ ಗುರುತುಗಳ 9 ಅಕ್ಷರಗಳಾಗಿ ಬದಲಾಗುತ್ತದೆ. 'ಕೊಲ್ಹಾಪುರ' ಎಂಬ ಒಂದೇ ಪದ 81 ಅಕ್ಷರಗಳಷ್ಟು ಉದ್ದವಾಗುತ್ತದೆ! ಕೆಲವು ತಂತ್ರಾಂಶಗಳು ಇದನ್ನು ಎರಡು ಸಾಲಾಗಿ ಮುರಿಯುತ್ತವೆ, ಮೊದಲ ತುಂಡು ಮಾತ್ರ ಲಿಂಕ್ ಆಗುತ್ತದೆ. ಆಗ ಎರಡೂ ತುಂಡುಗಳನ್ನು ನಕಲಿಸಿ ಬ್ರೌಸರ್‌ನಲ್ಲಿ ಜೋಡಿಸಬೇಕಾಗುತ್ತದೆ. ಉದ್ದ ವಿಳಾಸಗಳ ಕಾಟಕ್ಕೆ 2002ರಲ್ಲಿ ಟೈನಿಯುಆರ್‌ಎಲ್ ಬಂತು, ಆಮೇಲೆ ಅಂಥವು ಹಲವು ಬಂದವು. ಆದರೆ ಚಿಕ್ಕ ವಿಳಾಸದಲ್ಲಿ ಹೋಗುವ ಜಾಗವೇ ಕಾಣುವುದಿಲ್ಲ, ಸಾದಾ ಮೇಲ್‌ನ ಲಾಭ ಅಲ್ಲಿಗೆ ಮುಗಿಯಿತು. ಹಣದ ವಿಷಯದಲ್ಲಿ ಇಂಥದ್ದನ್ನು ಕಳಿಸುವುದೂ ಬೇಡ, ಒತ್ತುವುದೂ ಬೇಡ.

ಒತ್ತಿ ವಿವರ ಕೊಟ್ಟು ಹಣ ಹೋಗಿದ್ದರೆ ಕೂಡಲೇ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಹಣ ಮುಂದಿನ ಖಾತೆಗೆ ಜಾರುವ ಮೊದಲು ತಡೆಯಲು ಸಾಧ್ಯವಾಗಬಹುದು. ದೂರಿಗೆ ಬೇಕಾಗುವುದರಿಂದ ಆ ಮೇಲ್ ಅನ್ನು ಅಳಿಸಬೇಡಿ.