ಶೂ ಮೇಲೆ ಬಿದ್ದ ಹನಿ, ಲ್ಯಾಪ್‌ಟಾಪ್ ಕವರ್ ಮೇಲಿನ ಎಣ್ಣೆ

ಇಯರ್‌ಫೋನ್ ಹಾಕ್ಕೊಂಡಿದ್ದೀರಾ? ಹಾಗಿದ್ರೆ ಶುರು ಮಾಡೋಣ.

ಹೋದ ವರ್ಷ ನಾನು ಕೆನೆ ಬಣ್ಣದ ಬಟ್ಟೆಯ ಲ್ಯಾಪ್‌ಟಾಪ್ ಕವರ್ ತಗೊಂಡೆ. ಪ್ಯಾಕೆಟ್ ಮೇಲೆ ‘ಕಲೆ ಹಿಡಿಯುವುದಿಲ್ಲ’ ಅಂತ ಇತ್ತು. ಮನೆಗೆ ತಂದು ನೀರು ಚಿಮುಕಿಸಿ ನೋಡಿದೆ. ಕೆಸುವಿನ ಎಲೆ ಮೇಲೆ ಬಿದ್ದ ಹಾಗೆ ಹನಿ ಉರುಳಿ ಹೋಯ್ತು. ಖುಷಿಯೋ ಖುಷಿ. ಎರಡೇ ವಾರಕ್ಕೆ ಮೆಣಸಿನಕಾಯಿ ಬಜ್ಜಿ ತಿಂದ ಕೈಯಲ್ಲಿ ಅದನ್ನ ಎತ್ತಿದೆ. ಬೆರಳಿನ ಗುರುತು ಇವತ್ತಿಗೂ ಹಾಗೇ ಇದೆ. ಅಮ್ಮ ನೋಡಿ, “ಬಿಳಿ ಬಟ್ಟೆ ಯಾಕೋ ತಗೊಂಡೆ?” ಅಂದ್ರು.

ನೀರಿಗೆ ಜಗ್ಗದ ಬಟ್ಟೆ ಎಣ್ಣೆಗೆ ಯಾಕೆ ಸೋತಿತು? ಇದನ್ನ ಹುಡುಕ್ತಾ ಹೋದಾಗ ನಾನು ಮುಟ್ಟಿದ್ದು 1953ರ ಅಮೆರಿಕ, ಮಿನ್ನೆಸೋಟ ರಾಜ್ಯದ ‘3ಎಂ’ ಕಂಪನಿಯ ಪ್ರಯೋಗಾಲಯ.

ಅಲ್ಲಿ ಪ್ಯಾಟ್ಸಿ ಶೆರ್ಮನ್ ಅನ್ನೋ 23ರ ಹರೆಯದ ರಸಾಯನಶಾಸ್ತ್ರಜ್ಞೆ ಕೆಲಸ ಮಾಡ್ತಿದ್ರು. ಹೈಸ್ಕೂಲಿನಲ್ಲಿ ಹುಡುಗಿಯರಿಗೆ ಅಂತಲೇ ಇದ್ದ ಅಭಿರುಚಿ ಪರೀಕ್ಷೆ ಬರೆದಾಗ ‘ಗೃಹಿಣಿಯಾಗು’ ಅನ್ನೋ ಉತ್ತರ ಬಂದಿತ್ತಂತೆ. ಹಟ ಹಿಡಿದು ಹುಡುಗರ ಪರೀಕ್ಷೆ ಬರೆದರು. ಅದರಲ್ಲಿ ಬಂದಿದ್ದು ದಂತವೈದ್ಯೆ ಅಥವಾ ರಸಾಯನಶಾಸ್ತ್ರಜ್ಞೆ.

ಅವರ ತಂಡ ಹುಡುಕುತ್ತಿದ್ದದ್ದು ಬಟ್ಟೆಯನ್ನಲ್ಲ, ಜೆಟ್ ವಿಮಾನದ ಇಂಧನಕ್ಕೆ ಕರಗದ ರಬ್ಬರನ್ನ. ಒಂದು ದಿನ ಸಹಾಯಕಿಯೊಬ್ಬರ ಕೈ ಜಾರಿ ಆ ದ್ರವ ಅವರದ್ದೇ ಕ್ಯಾನ್ವಾಸ್ ಶೂ ಮೇಲೆ ಬಿತ್ತು. ಸೋಪು, ಆಲ್ಕೋಹಾಲು, ಬೇರೆ ದ್ರಾವಕಗಳು, ಯಾವುದಕ್ಕೂ ಅದು ಹೋಗಲಿಲ್ಲ. ದಿನ ಕಳೆದ ಹಾಗೆ ಶೂ ಕೊಳೆಯಾಯ್ತು, ಆ ಹನಿ ಬಿದ್ದ ಜಾಗ ಮಾತ್ರ ಹೊಸದರ ಹಾಗೇ ಉಳೀತು. ಅದನ್ನ ಗಮನಿಸಿದ್ದೇ ಶೆರ್ಮನ್ ಮತ್ತು ಸಹೋದ್ಯೋಗಿ ಸ್ಯಾಮ್ ಸ್ಮಿತ್ ಅವರ ದೊಡ್ಡತನ. 1956ರಲ್ಲಿ ‘ಸ್ಕಾಚ್‌ಗಾರ್ಡ್’ ಮಾರುಕಟ್ಟೆಗೆ ಬಂತು. ಬಟ್ಟೆ ಗಿರಣಿಯಲ್ಲಿ ಅದರ ಪರೀಕ್ಷೆ ನಡೆಯುವಾಗ ಹೆಂಗಸರಿಗೆ ಒಳಗೆ ಪ್ರವೇಶ ಇರಲಿಲ್ಲ. ತಾವೇ ಕಂಡುಹಿಡಿದ ವಸ್ತುವಿನ ಫಲಿತಾಂಶಕ್ಕಾಗಿ ಶೆರ್ಮನ್ ಹೊರಗೆ ಕಾಯಬೇಕಾಯ್ತು.

ಈಗ ನನ್ನ ಬಜ್ಜಿ ಎಣ್ಣೆಗೆ ಬರೋಣ. ಕೆಸು, ತಾವರೆ ಎಲೆಗಳ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಉಬ್ಬುಗಳು, ಅದರ ಮೇಲೆ ಮೇಣ. ನೀರಿನ ಕಣಗಳು ಒಂದನ್ನೊಂದು ಬಿಗಿಯಾಗಿ ಹಿಡಿದುಕೊಳ್ತವೆ, ಅದಕ್ಕೇ ಹನಿ ಗುಂಡಗಾಗಿ ಉರುಳುತ್ತೆ. ಎಣ್ಣೆಗೆ ಆ ಬಿಗಿ ಕಡಿಮೆ, ಹಾಗಾಗಿ ಹರಡಿಬಿಡುತ್ತೆ. ತಾವರೆ ಎಲೆಯೂ ಎಣ್ಣೆಗೆ ಸೋಲುತ್ತೆ. ಎಣ್ಣೆಯನ್ನೂ ತಡೀಬೇಕು ಅಂದ್ರೆ ಮೇಣಕ್ಕಿಂತಲೂ ಯಾವುದನ್ನೂ ಹತ್ತಿರ ಸೇರಿಸದ ಮೇಲ್ಮೈ ಬೇಕು. ಅದು ಫ್ಲೋರಿನ್ ಇರೋ ರಾಸಾಯನಿಕದ ಗುಣ. ಸ್ಕಾಚ್‌ಗಾರ್ಡ್ ಗೆದ್ದಿದ್ದು ಅಲ್ಲೇ.

ಆದರೆ ಶೂ ಮೇಲಿಂದ ಹೋಗದ ವಸ್ತು ಮಣ್ಣಿನಿಂದಾದರೂ ಹೋಗುತ್ತಾ? ಇಲ್ಲ. ಕಾರ್ಬನ್–ಫ್ಲೋರಿನ್ ಬಂಧ ಅಷ್ಟು ಗಟ್ಟಿ. 1990ರ ದಶಕದ ಕೊನೆಗೆ ಇದೇ ಕುಟುಂಬದ ಪಿಎಫ್‌ಒಎಸ್ ಅನ್ನೋ ರಾಸಾಯನಿಕ ಅಮೆರಿಕದ ರಕ್ತನಿಧಿಗಳ ಮಾದರಿಗಳಲ್ಲೂ ಸಿಕ್ತು. ಕಾರ್ಖಾನೆ ಹತ್ತಿರ ಹೋಗದ ಸಾಮಾನ್ಯ ಜನರ ರಕ್ತ ಅದು. 2000ದ ಮೇ ತಿಂಗಳಲ್ಲಿ 3ಎಂ ಅದರ ತಯಾರಿಕೆ ನಿಲ್ಲಿಸುವುದಾಗಿ ಘೋಷಿಸಿ, ಸ್ಕಾಚ್‌ಗಾರ್ಡ್ ಸೂತ್ರವನ್ನೇ ಬದಲಾಯಿಸಿತು. 2009ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ನಿರ್ಬಂಧಿತರ ಪಟ್ಟಿಗೆ ಪಿಎಫ್‌ಒಎಸ್ ಸೇರಿತು. ನೀರು ಕೆಟ್ಟ ಮೊಕದ್ದಮೆಯಲ್ಲಿ 2018ರಲ್ಲಿ ಕಂಪನಿ ಮಿನ್ನೆಸೋಟ ಸರ್ಕಾರಕ್ಕೆ 85 ಕೋಟಿ ಡಾಲರ್ ಕೊಡಲು ಒಪ್ಪಿತು.

ನಾನು ಬಿ.ಕಾಂ. ಓದಿದವನು. ಕಾಸ್ಟ್ ಅಕೌಂಟಿಂಗ್‌ನಲ್ಲಿ ಕಚ್ಚಾ ವಸ್ತು, ಕೂಲಿ, ಓವರ್‌ಹೆಡ್ ಎಲ್ಲ ಬರೆಸಿದ್ರು. ಬಾವಿ ನೀರಿನ ಕಾಲಂ ಇರಲಿಲ್ಲ. ಸೋಫಾದ ಬಿಲ್ಲಿನಲ್ಲಿ ಬರದ ಖರ್ಚು ನಲವತ್ತು, ಐವತ್ತು ವರ್ಷ ಆದಮೇಲೆ ಬೇರೆ ಯಾರದೋ ಮನೆ ನಲ್ಲಿಯಲ್ಲಿ ಬಂತು.

ಇಷ್ಟರಲ್ಲಿ ಬಟ್ಟೆ ಸೋಫಾದಿಂದ ನಮ್ಮ ಗ್ಯಾಜೆಟ್‌ಗೆ ಇಳಿದಿತ್ತು. 2017ರಲ್ಲಿ ಗೂಗಲ್ ಹೋಮ್ ಮಿನಿ ಸ್ಪೀಕರ್ ಬಟ್ಟೆ ತೊಟ್ಟು ಬಂತು. ಅದೇ ವರ್ಷ ಮೈಕ್ರೋಸಾಫ್ಟ್ ತನ್ನ ಸರ್ಫೇಸ್ ಲ್ಯಾಪ್‌ಟಾಪ್‌ನ ಕೀಬೋರ್ಡ್ ಸುತ್ತ ಅಲ್ಕಾಂತಾರ ಬಟ್ಟೆ ಹಾಕಿತು. 2023ರಲ್ಲಿ ಆ್ಯಪಲ್ ಚರ್ಮ ಬಿಟ್ಟು ‘ಫೈನ್‌ವೋವನ್’ ಕೇಸ್ ತಂದಿತು. ಕಲೆ, ಗೀರು ಬೇಗ ಬೀಳುತ್ತೆ ಅಂತ ವಿಮರ್ಶಕರು ಬೈದರು. ಮರುವರ್ಷದ ಐಫೋನ್ 16ಕ್ಕೆ ಆ ಕೇಸ್ ಬರಲೇ ಇಲ್ಲ.

ಯೋಚನೆ ಮಾಡಿ. ಸೋಫಾ ಮೇಲೆ ಕಾಫಿ ಚೆಲ್ಲೋದು ಯಾವತ್ತೋ ಒಂದು ದಿನ. ಫೋನ್ ಕೇಸನ್ನ ನಾವು ದಿನಕ್ಕೆ ಎಷ್ಟು ಸಲ ಮುಟ್ತೀವಿ? ಬೆವರು, ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆ, ತಿಂಡಿಯ ಜಿಡ್ಡು. ಗ್ಯಾಜೆಟ್ ಬಟ್ಟೆಗೆ ನಿಜವಾದ ಶತ್ರು ಎಣ್ಣೆ. ಅದನ್ನ ಚೆನ್ನಾಗಿ ತಡೆಯೋ ಫ್ಲೋರಿನ್‌ಗೆ ಈಗ ಬಾಗಿಲು ಮುಚ್ಚುತ್ತಿದೆ. ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿಯಿಂದ ಬಹುತೇಕ ಹೊಸ ಬಟ್ಟೆಬರೆಗಳಲ್ಲಿ ಈ ಇಡೀ ಕುಟುಂಬವನ್ನ, ಅಂದ್ರೆ ಪಿಎಫ್‌ಎಎಸ್‌ ಅನ್ನ, ಬೇಕಂತಲೇ ಬಳಸೋ ಹಾಗಿಲ್ಲ.

ಹಾಗಾದ್ರೆ ಡಿಸೈನರ್ ಏನು ಮಾಡಬೇಕು? ದಾರಿಗಳು ಹಳೆಯವೇ. ಒತ್ತಾಗಿ ನೇಯೋದು. ಎರಡು ಮೂರು ಬಣ್ಣದ ನೂಲು ಬೆರೆಸಿ ಕಲೆ ಕಣ್ಣಿಗೆ ಬೀಳದ ಹಾಗೆ ಮಾಡೋದು. ಕೈ ತಾಗೋ ಕಡೆ ಪಾಲಿಯುರೆಥೇನ್ ಲೇಪ ಕೊಡೋದು. ಎಲ್ಲಕ್ಕಿಂತ ಮುಖ್ಯವಾಗಿ, ಬಿಚ್ಚಿ ಒಗೆಯೋ ಹಾಗೆ ಹೊಲಿಯೋದು. ದಿಂಬಿನ ಕವರ್‌ಗೆ ನಮ್ಮ ಮನೆಗಳಲ್ಲಿ ಮೊದಲಿಂದ ಇರೋ ಬುದ್ಧಿ ಇದು.

ನನ್ನ ಕವರ್‌ಗೆ ಏನು ಬಳಿದಿದ್ರು ಅಂತ ಪ್ಯಾಕೆಟ್ ಮೇಲೆ ಎಲ್ಲೂ ಬರೆದಿರಲಿಲ್ಲ. ಅಂಗಡಿಯವರನ್ನ ಕೇಳಿದೆ, “ಕಂಪನಿಯವರು ಏನೋ ಹಾಕಿರ್ತಾರೆ ಸರ್” ಅಂದ್ರು. ಬೆರಳಿನ ಗುರುತಿಗಿಂತ ಆ ಮಾತೇ ನನ್ನನ್ನ ಜಾಸ್ತಿ ಕಾಡಿದ್ದು. ಮುಂದಿನ ಸಲ ‘ಕಲೆ ಹಿಡಿಯುವುದಿಲ್ಲ’ ಅಂತ ಯಾರಾದ್ರೂ ಮಾರಿದ್ರೆ, ಏನು ಹಾಕಿದ್ದೀರಿ ಅಂತ ನೀವೂ ಒಂದು ಮಾತು ಕೇಳಿ. ಉತ್ತರ ಸಿಕ್ಕರೆ ನನಗೂ ತಿಳಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.