ಹಿಂಸೆ ಕೊಟ್ಟ ಗಂಡನ ಹತ್ಯೆ: ಆತ್ಮರಕ್ಷಣೆಯ ಕಾನೂನು ನಡೆದುಬಂದ ದಾರಿ

ವರ್ಷಗಟ್ಟಲೆ ಹೊಡೆತ ತಿಂದ ಹೆಂಗಸು ಗಂಡನನ್ನು ಕೊಂದಾಗ ನ್ಯಾಯಾಲಯಗಳು ಮೊದಲು ಕೇಳುತ್ತಿದ್ದುದು ಒಂದೇ: ಆ ಗಳಿಗೆಯಲ್ಲಿ ಅವನು ಕೈಯೆತ್ತಿದ್ದನೇ? ಆತ ನಿದ್ದೆಯಲ್ಲಿದ್ದರೆ ಆತ್ಮರಕ್ಷಣೆಯ ವಾದ ಬಿದ್ದುಹೋಗುತ್ತಿತ್ತು. ಉಳಿಯುತ್ತಿದ್ದುದು ಪ್ರಚೋದನೆಯ ವಾದ. ಅದಕ್ಕೂ ಇಂಗ್ಲೆಂಡಿನಲ್ಲಿ 1949ರ ಡಫಿ ಪ್ರಕರಣ ಕಟ್ಟು ಹಾಕಿತ್ತು: ಆರೋಪಿ ಹಠಾತ್ತಾಗಿ ಹತೋಟಿ ತಪ್ಪಿರಬೇಕು. ಆ ಪ್ರಕರಣದ ಆರೋಪಿಯೂ ಗಂಡನ ಹಿಂಸೆಗೆ ಸಿಕ್ಕ ಹೆಂಗಸೇ.

ಈ ನಿಯಮದ ಕ್ರೌರ್ಯ ಜನರ ಕಣ್ಣಿಗೆ ಬಿದ್ದದ್ದು ಪಂಜಾಬಿನಿಂದ ಹೋಗಿ ಇಂಗ್ಲೆಂಡಿನ ಕ್ರಾಲಿಯಲ್ಲಿ ನೆಲೆಸಿದ್ದ ಕಿರಣ್‌ಜಿತ್ ಅಹ್ಲುವಾಲಿಯಾ ಅವರಿಂದ. ಹತ್ತು ವರ್ಷ ಏಟು ತಿಂದಿದ್ದರು. ಗಂಡನನ್ನು ತಡೆಯಲು ಎರಡು ಸಲ ನ್ಯಾಯಾಲಯದ ಆದೇಶವನ್ನೂ ತಂದಿದ್ದರು. 1989ರ ಮೇ ತಿಂಗಳ ಒಂದು ರಾತ್ರಿ ಆತ ದುಡ್ಡಿಗಾಗಿ ಪೀಡಿಸಿ, ಕಾದ ಇಸ್ತ್ರಿಪೆಟ್ಟಿಗೆಯನ್ನು ಆಕೆಯ ಮುಖಕ್ಕೆ ಹಿಡಿದ. ಅವನು ಮಲಗಿ ಕೆಲವು ಗಂಟೆಯ ಮೇಲೆ ಆಕೆ ಪೆಟ್ರೋಲ್ ಸುರಿದು ಬೆಂಕಿಯಿಟ್ಟರು. ದಿನಗಳ ನಂತರ ಆತ ಸತ್ತ. ಸಿಟ್ಟು ಇಳಿಯಲು ಸಾಕಷ್ಟು ಹೊತ್ತಿತ್ತು ಎಂದಿತು ಸರ್ಕಾರಿ ಪಕ್ಷ. ಅದೇ ಡಿಸೆಂಬರಿನಲ್ಲಿ ಜೀವಾವಧಿ ಶಿಕ್ಷೆಯಾಯಿತು.

ಆಕೆಯ ಪರವಾಗಿ ಸೌತಾಲ್ ಬ್ಲ್ಯಾಕ್ ಸಿಸ್ಟರ್ಸ್ ಎಂಬ ಮಹಿಳಾ ಸಂಘಟನೆ ಬೀದಿಗಿಳಿಯಿತು. 1992ರ ಜುಲೈನಲ್ಲಿ ಮುಖ್ಯ ನ್ಯಾಯಮೂರ್ತಿ ಲಾರ್ಡ್ ಟೇಲರ್ ಪೀಠ ಮರುವಿಚಾರಣೆಗೆ ಆದೇಶಿಸಿತು. ಸೆಪ್ಟೆಂಬರಿನಲ್ಲಿ, ಅಷ್ಟರಲ್ಲೇ ಅನುಭವಿಸಿದ್ದ ಮೂರು ವರ್ಷ ನಾಲ್ಕು ತಿಂಗಳನ್ನೇ ಶಿಕ್ಷೆಯಾಗಿ ಎಣಿಸಿ ಆಕೆಯನ್ನು ಬಿಟ್ಟರು. ಆದರೆ ಗೆದ್ದದ್ದು ಪ್ರಚೋದನೆಯ ವಾದವಲ್ಲ. ಖಿನ್ನತೆಯಿಂದ ಆಕೆಯ ಹೊಣೆಗಾರಿಕೆ ಕುಗ್ಗಿತ್ತೆಂಬುದು ಕಾರಣವಾಯಿತು. ಆಕೆಯ ಭಯವನ್ನು ಸಕಾರಣವೆಂದು ಒಪ್ಪುವ ಬದಲು ಕಾಯಿಲೆಯೆಂದು ಬರೆದುಕೊಂಡದ್ದು ಅರ್ಧ ನ್ಯಾಯವೇ ಸರಿ.

ಕೆನಡಾ ಅಷ್ಟರಲ್ಲಿ ಮುಂದೆ ಹೋಗಿತ್ತು. ಅತಿಥಿಗಳು ಹೋದಮೇಲೆ ಕೊಲ್ಲುತ್ತೇನೆಂದು ಬೆದರಿಸಿ ಹೊರಟ ಸಂಗಾತಿಯ ತಲೆಗೆ ಹಿಂದಿನಿಂದ ಗುಂಡಿಕ್ಕಿದ ಲವಾಲಿ ಎಂಬಾಕೆಯ ಬಿಡುಗಡೆಯನ್ನು ಅಲ್ಲಿನ ಸುಪ್ರೀಂ ಕೋರ್ಟ್ 1990ರಲ್ಲಿ ಎತ್ತಿಹಿಡಿಯಿತು. ಏಟು ಬೀಳುವವರೆಗೆ ಕಾಯಬೇಕೆನ್ನುವುದು ಅಂಥ ಹೆಂಗಸಿಗೆ ಸಲ್ಲದು ಎಂಬುದು ನ್ಯಾಯಮೂರ್ತಿ ಬರ್ತಾ ವಿಲ್ಸನ್ ತೀರ್ಪಿನ ತಿರುಳು.

ಇಂಗ್ಲೆಂಡಿನಲ್ಲಿ 'ಹಠಾತ್' ಎಂಬ ಷರತ್ತು ಬಿದ್ದುಹೋದದ್ದು 2009ರ ಕಾಯ್ದೆಯಿಂದ.

ಭಾರತದಲ್ಲಿ ನ್ಯಾಯಾಲಯಗಳೇ ಸ್ವಲ್ಪ ಸಡಿಲಿಸಿವೆ. 1989ರಲ್ಲಿ ಮದ್ರಾಸ್ ಹೈಕೋರ್ಟ್ 'ನಿರಂತರ ಪ್ರಚೋದನೆ'ಯನ್ನು ಮನ್ನಿಸಿತು. 2013ರಲ್ಲಿ ಗುವಾಹಟಿ ಹೈಕೋರ್ಟ್, ಕುಡಿದು ಹೊಡೆಯುತ್ತಿದ್ದ ಗಂಡನನ್ನು ಕೊಂದ ಮಹಿಳೆಯ ಅಪರಾಧವನ್ನು ಕೊಲೆಯಲ್ಲದ ನರಹತ್ಯೆಗೆ ಇಳಿಸಿತು. ಆದರೆ 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 101ನೇ ಸೆಕ್ಷನ್, 1860ರ ದಂಡ ಸಂಹಿತೆಯಂತೆಯೇ, ಇಂದಿಗೂ 'ಗಂಭೀರ ಮತ್ತು ಹಠಾತ್' ಪ್ರಚೋದನೆಯನ್ನೇ ಕೇಳುತ್ತದೆ.